ಪದಚರ್ಚೆ: ‘ಆಮೆನ್’ಗೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಅಜ್ಜಿಯ ಸಮಾಧಿಗೆ ಕಲ್ಲು ಕೆತ್ತಿಸ್ತಿದೀವಿ. ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ‘ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ’, ಆಮೇಲೆ ಆಮೆನ್. ಚಿಕ್ಕಪ್ಪ ‘ಕನ್ನಡದ ಕಲ್ಲಿಗೆ ಕನ್ನಡದ ಪದ ಇರಲಿ, ತಥಾಸ್ತು ಹಾಕ್ಸು’ ಅಂತ ಪಟ್ಟು ಹಿಡಿದಿದಾರೆ. ಕೆತ್ತೋರು ಸಂಜೆಗೆ ಮ್ಯಾಟರ್ ಫೈನಲ್ ಆಗ್ಬೇಕು ಅಂತಾರೆ. ತಥಾಸ್ತು ನಡೆಯುತ್ತಾ? ಇಲ್ಲಾಂದ್ರೆ ಆಮೆನ್ನೋ, ಆಮೇನೋ?

ಚಿತ್ರದುರ್ಗದಿಂದ:
ತಥಾಸ್ತು ಬೇಡವೇ ಬೇಡ. ಅದು ವರ ಕೊಡುವವನ ಬಾಯಿಯದು, ಆಮೆನ್ ಬೇಡುವವರದು. ಭಕ್ತನೇ ತಥಾಸ್ತು ಅಂದುಕೊಂಡರೆ ದೇವರಿಗೇನು ಕೆಲಸ? ‘ಹಾಗೆಯೇ ಆಗಲಿ’ ಅನ್ನುವವರೂ ಇದ್ದಾರೆ. ಅದೇ ಪ್ರಾರ್ಥನೆಯ ‘ಆಹಾರ ಕೊಡು’ ಎಂಬುದಕ್ಕೆ ಅದು ಹೊಂದುತ್ತದೆ. ‘ರಾಜ್ಯ ನಿನ್ನದೇ’ ಎಂದಮೇಲೆ ‘ಆಗಲಿ’ ಎಂದರೆ ಇನ್ನೂ ಆಗಿಲ್ಲ ಎಂದಾಯಿತು. ಆಮೆನ್ ಹೀಬ್ರೂ ಪದ; ಅದರ ಧಾತುವಿನ ಅರ್ಥ ಗಟ್ಟಿಯಾಗಿರುವುದು, ನೆಚ್ಚುವುದು. ಯೋಹಾನನ ಸುವಾರ್ತೆಯಲ್ಲಿ ಯೇಸು ಮಾತು ಶುರುಮಾಡುವಾಗ ಎರಡೆರಡು ಸಲ ಹೇಳುವುದು ಇದೇ ಪದ. ಅಲ್ಲಿ ನಮ್ಮ ಬೈಬಲ್ಲಿನವರು ‘ನಿಜನಿಜವಾಗಿ’ ಎಂದು ಕನ್ನಡಿಸಿ, ಪ್ರಾರ್ಥನೆಯ ಕೊನೆಗೆ ಮಾತ್ರ ಮೂಲವನ್ನೇ ಉಳಿಸಿಕೊಂಡರು. ಹೀಬ್ರೂ, ಗ್ರೀಕ್ ಎರಡರಲ್ಲೂ ‘ಮೇ’ ದೀರ್ಘವೇ. ರೂಢಿಯಲ್ಲಿ ನಿಂತಿರುವುದು ಆಮೆನ್.

ಚಳ್ಳಕೆರೆಯಿಂದ:
ಮೂಲ ಓಂ. ಅದು ಒಪ್ಪಿಗೆಯ ಅಕ್ಷರವೆಂದು ಛಾಂದೋಗ್ಯ ಉಪನಿಷತ್ತಿನಲ್ಲೇ ಇದೆ. ಓಂ, ಆಮೆನ್, ಆಮೀನ್: ಕಿವಿ ಇದ್ದವರಿಗೆ ಇಷ್ಟು ಸಾಕು.

ಚಿತ್ರದುರ್ಗದಿಂದ:
ಕಿವಿ ಸಾಲದು ಸ್ವಾಮಿ. ಆಮೆನ್ನಿನದು ಅಲೆಫ್, ಮೆಮ್ (ಮ), ನೂನ್ (ನ) ಎಂಬ ಮೂರೂ ಹೀಬ್ರೂ ಅಕ್ಷರ ಇರುವ ಧಾತು; ಹೀಬ್ರೂ, ಅರಬಿಗಳ ಸೆಮಿಟಿಕ್ ಕುಟುಂಬದ್ದು. ಓಂಕಾರಕ್ಕೆ ನೂನ್ ಎಲ್ಲಿಂದ ತರುತ್ತೀರಿ? ಇದೇ ಧಾತು ಅರಬಿಯ ದಾರಿಯಲ್ಲಿ ನಮ್ಮಲ್ಲಿಗೆ ಯಾವಾಗಲೋ ಬಂದಿದೆ. ಕೋರ್ಟಿನ ಅಮೀನ ನೆಚ್ಚಿಕೆಯವನು, ಅಮಾನತು ನೆಚ್ಚಿ ಇಟ್ಟದ್ದು. ಈಗ ಅದೇ ಅಮಾನತು ನೌಕರರ ತಲೆಯ ಮೇಲೆ ಬೀಳುತ್ತದೆ, ಅದು ಬೇರೆ ಮಾತು.

ಜಗಳೂರಿನಿಂದ:
ಎರವಲಿನ ಮೇಲೆ ಎರವಲು! ಒಬ್ಬರು ಕತೆ ಹೇಳುವಾಗ ಉಳಿದವರು ಹೂಂಗುಟ್ಟುವುದಿಲ್ಲವೇ? ಪಾದ್ರಿ ಬೇಡಿದ್ದಕ್ಕೆ ಸಭೆ ಕೂಡಿಸುವ ದನಿಯೂ ಅದೇ. ಅಚ್ಚಗನ್ನಡದ ‘ಹೂಂ’ ಇರುವಾಗ ಯಾಕೆ ಈ ಪರದಾಟ?

ಚಿತ್ರದುರ್ಗದಿಂದ:
ಅರ್ಥಕ್ಕೆ ತೀರಾ ಹತ್ತಿರ, ಒಪ್ಪಿದೆ. ಸಮಾಧಿಕಲ್ಲಿಗೆ ‘ಹೂಂ’ ಮೊದಲು ನಿಮ್ಮ ಮನೆಯವರದಕ್ಕೆ ಹಾಕಿಸಿ. ಅಂದಹಾಗೆ ‘ಪಾದ್ರಿ’ ಪೋರ್ಚುಗೀಸು. ರಾಜ್ಯ, ಬಲ, ಮಹಿಮೆ ಮೂರೂ ಸಂಸ್ಕೃತ. ಆಮೆನ್ ಒಂದೇ ಕಣ್ಣಿಗೆ ಬಿತ್ತೇ?

ಹರಿಹರದಿಂದ:
ತಂಗೀ, ನಾವು ಕಥೋಲಿಕರು ಆ ಪ್ರಾರ್ಥನೆಯನ್ನು ಕೇಡಿನಿಂದ ರಕ್ಷಿಸು ಎಂಬಲ್ಲಿಗೇ ಮುಗಿಸುತ್ತೇವೆ. ಆ ಪ್ರಾರ್ಥನೆ ಇರುವ ಮತ್ತಾಯನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ‘ರಾಜ್ಯವೂ ಬಲವೂ’ ಸಾಲು ಇಲ್ಲ; ಪೂಜೆಯಲ್ಲಿ ಅದು ಬೇರೆಯಾಗಿ ಬರುತ್ತೆ. ನಿಮ್ಮ ಸಭೆಯಲ್ಲಿ ಹೇಳುವ ಹಾಗೇ ಕೆತ್ತಿಸಿ, ಇಲ್ಲಿನವರ ಮಾತು ಕೇಳಿ ಕೂರಬೇಡಿ.

ದಾವಣಗೆರೆಯಿಂದ:
ಆಮೆನ್ ಅಂತಲೇ ಕೊಟ್ಟೆ, ದೀರ್ಘ ಇಲ್ಲದೆ. ತಥಾಸ್ತು ಸಂಸ್ಕೃತ ಅಂದಿದ್ದಕ್ಕೆ ಚಿಕ್ಕಪ್ಪ ಸುಮ್ಮನಾದರು. ಎಲ್ಲರಿಗೂ ಥ್ಯಾಂಕ್ಸ್.

ಜಗಳೂರಿನಿಂದ:
ಸಂಸ್ಕೃತ ಬಿಡಿಸಿ ಹೀಬ್ರೂ ಕೆತ್ತಿಸಿದ್ದಾಯಿತು. ಅಮೀನ, ಅಮಾನತುಗಳನ್ನೂ ಕಚೇರಿಯಿಂದ ಹೊರಹಾಕಬೇಕು.

ಚಿತ್ರದುರ್ಗದಿಂದ:
ಹಾಕಿ. ‘ಕಚೇರಿ’ಗೆ ಏನು ಇಟ್ಟುಕೊಂಡಿದ್ದೀರಿ?