ಬಸ್ ಹತ್ತಲಾಗದವರ ಪರವಾಗಿ ಮನವಿ: ಯಾರಿಗೆ, ಹೇಗೆ ಬರೆಯಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತಾಲ್ಲೂಕು ಕೇಂದ್ರ. ಅಮ್ಮನಿಗೆ 72 ವರ್ಷ, ಮಂಡಿ ನೋವು. ತಮ್ಮನಿಗೆ ಪೋಲಿಯೊ, ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಕೊಂಡು ಊರುಗೋಲಿನಲ್ಲಿ ನಡೆಯುತ್ತಾನೆ. ಇಲ್ಲಿ ಬಸ್ಸು ಪ್ಲಾಟ್‌ಫಾರ್ಮಿನಿಂದ ಮಾರು ದೂರ ನಿಲ್ಲುತ್ತದೆ. ತಮ್ಮ ಮೊದಲು ಊರುಗೋಲನ್ನು ಒಳಗೆ ಎಸೆದು, ಕಂಬಿ ಹಿಡಿದು ಕೈಬಲದಲ್ಲೇ ಮೈ ಎಳೆದುಕೊಳ್ಳುತ್ತಾನೆ. ‘ಸೂಕ್ತ ಸೌಲಭ್ಯ ಕಲ್ಪಿಸಿ’ ಅಂತ ಬೀದಿಯವರೆಲ್ಲ ಸಹಿ ಹಾಕಿ ಮನವಿ ಕೊಟ್ಟೆವು. ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂತು, ಅಷ್ಟೇ. ಮುಂದೇನು ಮಾಡೋದು?

ವಕೀಲರ ಉತ್ತರ: ‘ಸೂಕ್ತ ಸೌಲಭ್ಯ’ ಅಂತ ಕೇಳಿದರೆ ‘ಪರಿಶೀಲಿಸಲಾಗುವುದು’ ಅಂತಲೇ ಬರುತ್ತದೆ. ಅಲ್ಲಿಗೆ ಕಡತ ಮುಗಿಯಿತು. ಮೊದಲು ಒಂದು ಟೇಪು ಹಿಡಿದು ನಿಲ್ದಾಣಕ್ಕೆ ಹೋಗಿ. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ, ಬಸ್ಸಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಎಷ್ಟು ಅಂತರ, ಅಳೆದು ಫೋಟೊ ತೆಗೆಯಿರಿ. ರ‍್ಯಾಂಪ್ ಇದ್ದರೆ ಅದನ್ನೂ ಅಳೆಯಿರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಎರಡೂ ಕಡೆ ಹಿಡಿಕೆ ಬೇಕು. ಅಂದರೆ ಒಂದೂವರೆ ಅಡಿ ಕಟ್ಟೆಗೆ 18 ಅಡಿ. ನಾಲ್ಕಡಿ ಸಿಮೆಂಟ್ ಬಳಿದು ಇದೇ ರ‍್ಯಾಂಪ್ ಅಂತ ತೋರಿಸುವುದು ನಮ್ಮಲ್ಲಿ ಮಾಮೂಲು. ಅದರ ಮೇಲೆ ಬೈಕ್ ಹತ್ತುತ್ತದೆ, ಗಾಲಿಕುರ್ಚಿ ಹತ್ತಲ್ಲ.

ಆಮೇಲೆ ಮನವಿಯನ್ನು ಒಡೆಯಿರಿ. ಬಸ್ಸನ್ನು ಪ್ಲಾಟ್‌ಫಾರ್ಮಿಗೆ ಒತ್ತಿ ನಿಲ್ಲಿಸುವುದು, ಮೀಸಲು ಸೀಟು ಬಿಡಿಸಿಕೊಡುವುದು ಡಿಪೊ ಮ್ಯಾನೇಜರ್ ಮಟ್ಟದಲ್ಲೇ ಆಗುವ ಕೆಲಸ, ಬಜೆಟ್ ಬೇಕಿಲ್ಲ. ರ‍್ಯಾಂಪು, ಶೌಚಾಲಯ ವಿಭಾಗೀಯ ಕಚೇರಿಗೆ. ಹೊರಗಿನ ಫುಟ್‌ಪಾತ್ ಪುರಸಭೆ ಮುಖ್ಯಾಧಿಕಾರಿಗೆ. ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಮನವಿಯಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 41ನೇ ಸೆಕ್ಷನ್ ಬರೆಯಿರಿ. ನಿಲ್ದಾಣ, ಬಸ್ಸು ಎರಡರ ಹೊಣೆಯೂ ಸರ್ಕಾರದ್ದು ಅಂತ ಅದು ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡ ಸರಿಪಡಿಸಲು 45ನೇ ಸೆಕ್ಷನ್ ಕೊಟ್ಟಿದ್ದ ಐದು ವರ್ಷ 2022ಕ್ಕೇ ಮುಗಿದಿದೆ. ರ‍್ಯಾಂಪಿನ ಅಳತೆಯಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ.

ತಿಂಗಳಾದರೂ ಉತ್ತರ ಬರದಿದ್ದರೆ, ನಿಮ್ಮ ಮನವಿ ಮೇಲೆ ಏನು ಕ್ರಮ ಆಯಿತು ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದಕ್ಕೂ ಜಗ್ಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಅವರಿಗೆ ಸಮನ್ಸ್ ಕೊಟ್ಟು ಅಧಿಕಾರಿಯನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಇಲಾಖೆ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಅರ್ಜಿ ಬರೆಯಲು ತಾಲ್ಲೂಕು ಪಂಚಾಯ್ತಿಯಲ್ಲಿರುವ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರನ್ನು ಕೇಳಿ, ಸುಮ್ನೆ ದುಡ್ಡು ಖರ್ಚು ಮಾಡಬೇಡಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಲೋ ಫ್ಲೋರ್ ಬಸ್ಸನ್ನೇ ಕೇಳಬಹುದಾ? ಅಮ್ಮನಿಗೆ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಬೇರೆ ಇಲ್ಲ.

ವಕೀಲರ ಉತ್ತರ: ಊರೊಳಗೆ ಓಡುವ ಬಸ್ಸಾದರೆ ಖಂಡಿತ ಕೇಳಿ. ಹಳ್ಳಿ ರೂಟಿಗೆ ಬೇಡ ಅಂತ ನನ್ನ ಅಭಿಪ್ರಾಯ. ಅದರ ನೆಲ ಇರೋದೇ 40 ಸೆಂ.ಮೀ. ಎತ್ತರದಲ್ಲಿ, ನಮ್ಮ ಹಂಪು, ಗುಂಡಿಗೆ ತಳ ಉಜ್ಜುತ್ತದೆ. ಅಧಿಕಾರಿಗೆ ಅದೇ ನೆಪ ಸಿಗುತ್ತದೆ. ಅದರ ಬದಲು 2019ರ ಕೊನೆಯಲ್ಲಿ ಆದ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಹಿಡಿಯಿರಿ. ಮೀಸಲು ಸೀಟು, ಹಿಡಿಕೆ ಮಾತ್ರವಲ್ಲ, ಊರುಗೋಲು ಇಡುವ ವ್ಯವಸ್ಥೆಯೂ ಅದರಲ್ಲಿದೆ. ನಿಮ್ಮ ತಮ್ಮನವರಿಗೆ ಬೇಕಾದದ್ದು ಅದೇ ಅಲ್ವಾ?

ಹಿರಿಯರ ವಿಷಯದಲ್ಲಿ ಕಾನೂನು ಸ್ವಲ್ಪ ಮೆದು. 2007ರ ಹಿರಿಯ ನಾಗರಿಕರ ಕಾಯ್ದೆ ಜೀವನಾಂಶ, ಆಸ್ಪತ್ರೆ ಬಗ್ಗೆ ಹೇಳುತ್ತದೆ, ಬಸ್ ಮೆಟ್ಟಿಲಿನ ಸುದ್ದಿ ಎತ್ತಲ್ಲ. ಹಾಗಾಗಿ ದೂರು ತಮ್ಮನವರ ಹೆಸರಲ್ಲಿರಲಿ, ಅಮ್ಮನ ಸಹಿ ಜೊತೆಗಿರಲಿ. ರ‍್ಯಾಂಪ್ ಆದ ಮೇಲೆ ಹತ್ತುವವರ ಕಾರ್ಡ್ ಯಾರೂ ಕೇಳಲ್ಲ.

ನಿವೃತ್ತ ಕಂಡಕ್ಟರ್ ಒಬ್ಬರು: ನಮ್ಮ ಕಡೆಯ ಮಾತೂ ಕೇಳಿ. ಪ್ಲಾಟ್‌ಫಾರ್ಮಿಗೆ ಒತ್ತಿ ನಿಲ್ಲಿಸೋಣ ಅಂದರೆ ಅಲ್ಲಿ ಬೈಕು ನಿಂತಿರುತ್ತವೆ. ಟೈಮಿಗೆ ಗಾಡಿ ಬಿಡದಿದ್ದರೆ ನಿಲ್ದಾಣದ ಟಿ.ಸಿ. (ಸಂಚಾರ ನಿಯಂತ್ರಕರು) ಬೈಯುತ್ತಾರೆ.

ವಕೀಲರ ಉತ್ತರ: ಒಳ್ಳೇದು ಹೇಳಿದಿರಿ ಸರ್. ಬೈಕಿನ ಫೋಟೊ ಇಟ್ಟು ಸಂಚಾರ ಪೊಲೀಸರಿಗೂ ಒಂದು ಪ್ರತಿ ಕೊಡಲಿ. ಊರುಗೋಲಿನವರು ಹತ್ತುವವರೆಗೆ ಕಾಯಬೇಕು ಅಂತ ಡಿಪೊದಿಂದ ಲಿಖಿತ ಸೂಚನೆ ಹೊರಡಲಿ ಅಂತಲೂ ಕೇಳಲಿ. ಆಗ ಟಿ.ಸಿ. ನಿಮ್ಮವರನ್ನು ಬೈಯೋ ಹಾಗಿರಲ್ಲ.