ಪರ್ಷಿಯಾದ ಕೊಂಬಿನ ಶಿರಸ್ತ್ರಾಣ: ಯುದ್ಧಕ್ಕೋ, ಮೆರವಣಿಗೆಗೋ?

ಪ್ರಶ್ನೆ
ಮಾನ್ಯರೇ, ಕಳೆದ ವಾರ ದುಬೈನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಪರ್ಷಿಯಾದ ಉಕ್ಕಿನ ಶಿರಸ್ತ್ರಾಣವೊಂದನ್ನು ನೋಡಿದೆ. ಮುಂಭಾಗದಲ್ಲಿ ಕಣ್ಣು ಕೆರಳಿಸಿದ ರಾಕ್ಷಸನ ಮುಖ, ಮೇಲೆ ಎರಡು ಕೊಂಬು, ನೆತ್ತಿಯಲ್ಲಿ ಚೂಪಾದ ಮೊನೆ, ಹೆಗಲವರೆಗೆ ಇಳಿಬಿದ್ದ ಉಕ್ಕಿನ ಬಲೆ. ಪರ್ಷಿಯಾದ ದೊರೆ ಷಾ ಅಬ್ಬಾಸನ ಕಾಲದ ಯುದ್ಧದ ವಸ್ತುವೆಂದು ಅಂಗಡಿಯವರು ಹೇಳಿದರಾದರೂ ತಗಡು ನನ್ನ ಕೈಗೆ ತೀರ ಹಗುರವೆನಿಸಿತು. ಇದನ್ನು ತೊಟ್ಟು ಯಾರಾದರೂ ಕಾಳಗಕ್ಕೆ ಹೋಗಿರಬಹುದೇ? ಇದರ ಮೇಲೆ ಚಿನ್ನದ ಬಳ್ಳಿಗಳನ್ನು ಕೂರಿಸುವುದು ಹೇಗೆ?

ಉತ್ತರ 1
ತಾವು ಕಂಡದ್ದು ‘ಕುಲಾಹ್ ಖೂದ್’ ಎಂಬ ಬಗೆಯ ಶಿರಸ್ತ್ರಾಣ. ಷಾ ಅಬ್ಬಾಸ್ ತೀರಿಕೊಂಡದ್ದು 1629ರಲ್ಲಿ. ಕೊಂಬಿನ ರಾಕ್ಷಸಮುಖದ ಇಂಥ ಶಿರಸ್ತ್ರಾಣಗಳಲ್ಲಿ ಬಹುಪಾಲು 19ನೆಯ ಶತಮಾನದವು, ಅಂದರೆ ಕಾಜಾರ್ ಅರಸರ ಕಾಲದವು. ಬಂದೂಕುಗಳ ಎದುರು ಕವಚ ಆಗಲೇ ಕೆಲಸಕ್ಕೆ ಬಾರದಂತಾಗಿತ್ತು. ದರಬಾರಿನ ಮೆರವಣಿಗೆಗೆ, ಇಮಾಮ್ ಹುಸೇನರು ಮಡಿದ ಕರ್ಬಲಾದ ಕಥೆಯನ್ನು ಆಡಿ ತೋರಿಸುವ ಮೊಹರಂನ ‘ತಾಜಿಯೆ’ ನಾಟಕಕ್ಕೆ ಹಾಗೂ ಯುರೋಪಿನಿಂದ ಬಂದವರಿಗೆ ಮಾರಲು ಗುರಾಣಿ, ಮುಂಗೈ ಕಾಪಾದ ‘ಬಾಜೂಬಂದ್’ ಮತ್ತು ಶಿರಸ್ತ್ರಾಣಗಳನ್ನು ಒಂದೇ ಚಿತ್ತಾರದಲ್ಲಿ ಮಾಡುತ್ತಿದ್ದರು. ಸಾಧ್ಯವಾದರೆ ಬಲೆಯ ಒಂದು ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿರಿ. ಕಾಳಗದ ಬಲೆಯಲ್ಲಿ ಸಾಮಾನ್ಯವಾಗಿ ಉಂಗುರದ ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಪುಟ್ಟ ರಿವೆಟ್ ಬಡಿದಿರುತ್ತಾರೆ. ಕಾಜಾರ್ ಕಾಲದ ಬಲೆಗಳಲ್ಲಿ ಅವು ಹೆಚ್ಚಾಗಿ ಬರಿದೆ ಎದುರುಬದುರು ತಾಗಿ ನಿಂತಿರುತ್ತವೆ, ಜೋರಾಗಿ ಎಳೆದರೆ ಬಾಯಿ ಬಿಡುತ್ತವೆ.

ಉತ್ತರ 2
ಚಿನ್ನದ ವಿಷಯವಾಗಿ ಒಂದು ಮಾತು. ನಾನು ಬೀದರಿನವನಾದ್ದರಿಂದ ಬಿದ್ರಿಯೇ ಮೊದಲು ನೆನಪಾಗುತ್ತದೆ: ಅಲ್ಲಿ ಉಳಿಯಿಂದ ತೋಡು ತೆಗೆದು ಬೆಳ್ಳಿಯ ತಂತಿಯನ್ನು ಒಳಕ್ಕೆ ಬಡಿಯುತ್ತಾರೆ. ಈ ಶಿರಸ್ತ್ರಾಣಗಳ ಮೇಲೆ ಹೆಚ್ಚಾಗಿ ಕಾಣುವ ‘ಕೋಫ್ತ್‌ಗರಿ’ ಹಾಗಲ್ಲ. ಉಕ್ಕಿನ ಮೈಯನ್ನು ಚೂರಿಯಿಂದ ಅಡ್ಡಡ್ಡ, ಉದ್ದುದ್ದ ಗೀರಿ ಅರದಂತೆ ಒರಟಾಗಿಸಿ, ಆ ಒರಟಿಗೆ ಸಣ್ಣ ಚಿನ್ನದ ತಂತಿಯನ್ನು ಬಡಿದು ಹಿಡಿಸಿ, ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಚಿನ್ನ ಮೇಲೆಯೇ ಕೂತಿರುವುದರಿಂದ ಉಬ್ಬಿದ ಕಡೆ ಮೊದಲು ಸವೆಯುತ್ತದೆ, ಅಡಿಯ ಗೀರುಗಳು ಹೊರಗೆ ಕಾಣುತ್ತವೆ. ಬಳ್ಳಿಗಳೆಲ್ಲ ಕೆತ್ತಿದವೆಂದೂ ನಂಬಬೇಡಿ. ಆಮ್ಲದಿಂದ ತಿನ್ನಿಸಿ ಮೂಡಿಸಿದವೂ ಬಹಳ. ಹಾಗೆಂದು ಇವುಗಳನ್ನು ‘ನಕಲಿ’ ಎನ್ನುವುದನ್ನು ನಾನು ಒಪ್ಪಲಾರೆ. ನಟನ ತಲೆಗೆ ಮಾಡಿದ ವಸ್ತುವನ್ನು ಸೈನಿಕನ ತಲೆಗೆ ಅಳೆದು ನೋಡುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಭೂತಗನ್ನಡಿ ಹಿಡಿದು ಮತ್ತೆ ಹೋಗಿದ್ದೆ. ಉಂಗುರಗಳಿಗೆ ರಿವೆಟ್ ಇಲ್ಲ. ರಾಕ್ಷಸನ ಮೂಗಿನ ತುದಿಯಲ್ಲಿ ಚಿನ್ನ ಸವೆದು ಅಡ್ಡಗೀರುಗಳು ಕಾಣುತ್ತಿವೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಬೆಲೆ ಇಳಿಸಿದರು.