ಪ್ಲೇ ಸ್ಟೋರ್‌ಗೆ ಆಪ್ ಹಾಕುವುದು, ಆಮೇಲೆ ಅಪ್‌ಡೇಟ್ ಕೊಡುವುದು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷದಿಂದ ಆಂಡ್ರಾಯ್ಡ್ ಆಪ್ ಬರೆಯುವುದೇ ನನ್ನ ಕೆಲಸ. ಕಂಪನಿ ಕೆಲಸದ ಜೊತೆಗೆ ನನ್ನವೇ ಮೂರು ಚಿಕ್ಕ ಆಪ್‌ಗಳು ಸ್ಟೋರ್‌ನಲ್ಲಿವೆ. ಈ ವಾರ ಗುಂಪಿನಲ್ಲಿ ಒಂದೇ ಥರದ ಪ್ರಶ್ನೆಗಳು ಬೇರೆ ಬೇರೆ ಕಡೆ ಬಂದವು. ಅದಕ್ಕೇ ಎಲ್ಲವನ್ನೂ ಇಲ್ಲಿ ಕೇಳಿ ಅಂದೆ. ಬಂದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

ಪ್ರಶ್ನೆ, ಶಿರಸಿಯಿಂದ: ಮೇಡಂ, ಅಡಿಕೆ ಧಾರಣೆ ತೋರಿಸುವ ಆಪ್ ಮಾಡಿದ್ದೇನೆ. ರಾಶಿ, ಬೆಟ್ಟೆ, ಚಾಲಿ ಅನ್ನುವ ಅಡಿಕೆ ಬಗೆ ಎಲ್ಲ ಬೇರೆ ಬೇರೆ ಬರುತ್ತದೆ. ಎಪಿಕೆ ಫೈಲನ್ನು (ಆಪ್ ಇನ್‌ಸ್ಟಾಲ್ ಮಾಡುವ ಫೈಲ್) ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ, ಊರಿನ 40 ಜನ ಬಳಸುತ್ತಿದ್ದಾರೆ. ಪ್ಲೇ ಸ್ಟೋರ್‌ಗೆ ಹಾಕಲೇಬೇಕಾ? 12 ಜನ ಟೆಸ್ಟರ್ ಬೇಕು ಅಂತಾರೆ, ಅದೇನು?

ಉತ್ತರ: ಹಾಕಿ. ವಾಟ್ಸಾಪ್‌ನಲ್ಲಿ ಎಪಿಕೆ ಹಂಚುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಅಂತ ಹೆಸರಿಟ್ಟು ಎಪಿಕೆ ಕಳಿಸಿ ಬ್ಯಾಂಕ್ ಖಾತೆಗೆ ಕೈ ಹಾಕುವ ವಂಚನೆ ನಮ್ಮಲ್ಲಿ ನಡೆಯುತ್ತಲೇ ಇದೆ. ನಿಮ್ಮ ಆಪ್‌ಗೋಸ್ಕರ ಒಬ್ಬ ರೈತ ವಾಟ್ಸಾಪ್‌ಗೆ ಇನ್‌ಸ್ಟಾಲ್ ಮಾಡುವ ಅನುಮತಿ ಕೊಟ್ಟರು ಅಂದುಕೊಳ್ಳಿ. ನಾಳೆ ಬರುವ ಕಳ್ಳ ಫೈಲಿಗೂ ಅದೇ ಅನುಮತಿ ಸಾಕಾಗುತ್ತದೆ.

ಖಾತೆ ತೆರೆಯಲು 25 ಡಾಲರ್, ಒಂದೇ ಸಲ. ಗುರುತಿನ ಚೀಟಿ ಕೊಡಬೇಕು, ನಿಜವಾದ ಆಂಡ್ರಾಯ್ಡ್ ಫೋನ್ ಇದೆ ಅಂತ ತೋರಿಸಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆಪ್ ಎಲ್ಲರಿಗೂ ಸಿಗುವ ಮೊದಲು ಕ್ಲೋಸ್ಡ್ ಟೆಸ್ಟ್ (ನೀವು ಆರಿಸಿದವರು ಮಾತ್ರ ಬಳಸಿ ನೋಡುವುದು) ಮಾಡಬೇಕು. ಮೊದಲು 20 ಜನ ಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಿದರು. ಆ 12 ಜನ ಸತತ 14 ದಿನ ಟೆಸ್ಟ್‌ನಲ್ಲಿ ಇರಬೇಕು. 'ಸತತ' ಅನ್ನುವುದನ್ನು ಗಮನಿಸಿ. ಹತ್ತನೇ ದಿನ ಒಬ್ಬರು ಹೊರಗೆ ಹೋಗಿ ಲೆಕ್ಕ 11ಕ್ಕೆ ಇಳಿದರೆ, ಅಲ್ಲಿಯವರೆಗೆ ಕಾದದ್ದು ಹೋಯಿತು. ಹಾಗಾಗಿ 18-20 ಜನರನ್ನು ಸೇರಿಸಿಕೊಳ್ಳಿ. ನಿಮ್ಮ ಹತ್ತಿರ 40 ಜನ ಇದ್ದಾರಲ್ವಾ, ಅದು ದೊಡ್ಡ ಆಸ್ತಿ. ಅವರ ಜಿಮೇಲ್ ವಿಳಾಸ ಪಟ್ಟಿಗೆ ಹಾಕಿ ಲಿಂಕ್ ಕಳಿಸಿ. ಲಿಂಕ್ ಒತ್ತಿ ಒಪ್ಪಿಕೊಂಡರೆ ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಎಷ್ಟೋ ಜನಕ್ಕೆ ತಮ್ಮ ಫೋನಿನಲ್ಲಿರುವ ಜಿಮೇಲ್ ಯಾವುದು ಅಂತಲೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಕೂತು ನೋಡಿಕೊಡಿ.

ದುಡ್ಡಿಗೆ ಟೆಸ್ಟರ್ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. 14 ದಿನ ಆದ ಮೇಲೆ, ಜನ ಏನು ಹೇಳಿದರು, ನೀವೇನು ಬದಲಾಯಿಸಿದಿರಿ ಅಂತ ಗೂಗಲ್ ಕೇಳುತ್ತದೆ. ಆಪ್ ತೆರೆಯದವರನ್ನು ಇಟ್ಟುಕೊಂಡು ಅದಕ್ಕೆ ಏನು ಬರೆಯುತ್ತೀರಿ?

ಇನ್ನೊಂದು ಮುಖ್ಯ ವಿಷಯ. ಈಗ 40 ಫೋನಿನಲ್ಲಿರುವ ಆಪ್‌ಗೆ ನಿಮ್ಮ ಕೀಲಿಯ ಸಹಿ ಇದೆ. ಆಪ್ ಮಾಡಿದ್ದು ನೀವೇ ಅಂತ ಫೋನಿಗೆ ತೋರಿಸುವ ಡಿಜಿಟಲ್ ಗುರುತು ಅದು. ಸ್ಟೋರ್‌ನಲ್ಲಿ ಗೂಗಲ್ ಹೊಸ ಕೀಲಿ ಹುಟ್ಟಿಸಿದರೆ ಎರಡೂ ಸಹಿ ಹೊಂದುವುದಿಲ್ಲ. ಹಳೆಯದರ ಮೇಲೆ ಹೊಸದು ಕೂರುವುದಿಲ್ಲ, 'ಆಪ್ ಇನ್‌ಸ್ಟಾಲ್ ಆಗಿಲ್ಲ' ಅಂತ ಬರುತ್ತದೆ. ಧಾರಣೆ ಆಪ್‌ನಲ್ಲಿ ಜನ ಉಳಿಸಿಟ್ಟ ಲೆಕ್ಕ ಏನೂ ಇಲ್ಲದಿದ್ದರೆ ಹಳೆಯದನ್ನು ತೆಗೆಸಿ ಸ್ಟೋರ್‌ನಿಂದ ಹಾಕಿಸಿ, ಸಾಕು. ಲೆಕ್ಕ ಇದ್ದರೆ, ಮೊದಲ ಸಲ ಸ್ಟೋರ್‌ಗೆ ಏರಿಸುವಾಗ ನಿಮ್ಮ ಈಗಿನ ಕೀಲಿಯನ್ನೇ ಕೊಡುವ ಆಯ್ಕೆ ಇದೆ. ಅದನ್ನು ಆರಿಸಿಕೊಳ್ಳಿ. ಪ್ಯಾಕೇಜ್ ಹೆಸರನ್ನೂ (ಆಪನ್ನು ಗುರುತಿಸುವ ಒಳಗಿನ ಹೆಸರು) ಯೋಚಿಸಿ ಇಡಿ. ಒಮ್ಮೆ ಸ್ಟೋರ್‌ಗೆ ಹೋದರೆ ಅದನ್ನು ಬದಲಾಯಿಸಲು ಆಗುವುದಿಲ್ಲ.

ಅದೇ ಸದಸ್ಯರು: ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು. 'ಅಡಿಕೆ ಧಾರಣೆ: ಶಿರಸಿ, ಸಾಗರ, ಶಿವಮೊಗ್ಗ' ಅಂತ ಹೆಸರಿಟ್ಟೆ. 30 ಅಕ್ಷರದ ಮಿತಿ ದಾಟಿದೆ ಅನ್ನುತ್ತದೆ. ನಾನು ಎಣಿಸಿದರೆ 23 ಬರುತ್ತದೆ!

ಉತ್ತರ: ಕನ್ನಡದಲ್ಲಿ ಹೆಸರಿಡುವ ಎಲ್ಲರಿಗೂ ಈ ತೊಂದರೆ ಎದುರಾಗುತ್ತದೆ. ಕಂಪ್ಯೂಟರ್ ನಮ್ಮ ಹಾಗೆ ಅಕ್ಷರ ಎಣಿಸುವುದಿಲ್ಲ. ಅದಕ್ಕೆ ಗುಣಿತದ ಚಿಹ್ನೆ ಬೇರೆ, ಒತ್ತಿಗೆ ಕೊಂಡಿಯಾಗುವ ಹಲಂತವೂ ಬೇರೆ. 'ಶಿವಮೊಗ್ಗ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಅದರ ಲೆಕ್ಕಕ್ಕೆ ಎಂಟು. 'ಕ್ಷ' ಒಂದೇ ಅಕ್ಷರ ಅನ್ನಿಸಿದರೂ ಮೂರು. ನಿಮ್ಮ ಹೆಸರು ಹಾಗೆ ಎಣಿಸಿದರೆ 34 ಆಗುತ್ತದೆ, ನಾಲ್ಕು ಜಾಸ್ತಿ. 'ಸಾಗರ' ತೆಗೆದರೆ 28ಕ್ಕೆ ಬರುತ್ತದೆ. ಸಾಗರದವರಿಗೆ ಬೇಜಾರಾಗದಂತೆ ಅದನ್ನು ಕಿರು ವಿವರಣೆಯಲ್ಲಿ ಸೇರಿಸಿ, ಅಲ್ಲಿ 80ರ ಮಿತಿ ಇದೆ. ಕನ್ನಡದ ಹೆಸರು ಬಿಟ್ಟು ಇಂಗ್ಲಿಷ್‌ಗೆ ಮಾತ್ರ ಹೋಗಬೇಡಿ. ಸ್ಟೋರ್ ಪುಟಕ್ಕೆ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬೇರೆ ಬೇರೆಯಾಗಿ ಬರೆಯಬಹುದು.

ಪ್ರಶ್ನೆ, ದಾವಣಗೆರೆಯಿಂದ: ನಮ್ಮ ಹಾಲಿನ ಸೊಸೈಟಿಗೆ ಒಬ್ಬ ಹುಡುಗ ಮೂರು ವರ್ಷದ ಹಿಂದೆ ಆಪ್ ಮಾಡಿಕೊಟ್ಟಿದ್ದ. ಈಗ ಅವನು ಬೇರೆ ಊರಲ್ಲಿದ್ದಾನೆ. ಕೋಡ್ ಇದೆ, ಆದರೆ ಕೀಸ್ಟೋರ್ ಫೈಲ್ (ಸಹಿ ಹಾಕುವ ಕೀಲಿ ಇರುವ ಫೈಲ್) ಅವನ ಹಳೇ ಲ್ಯಾಪ್‌ಟಾಪ್ ಜೊತೆ ಹೋಯಿತಂತೆ. ಅಪ್‌ಡೇಟ್ ಕೊಡೋಕಾಗಲ್ಲ, ಹೊಸ ಆಪ್ ಮಾಡಬೇಕು ಅಂತ ಒಬ್ಬರು ಹೇಳಿದರು. ನಿಜವೇ?

ಉತ್ತರ: ಗಾಬರಿಯಾಗಬೇಡಿ. ಮೂರು ವರ್ಷದ ಹಿಂದೆ ಅಂದಿರಿ, ಅದೇ ನಿಮ್ಮನ್ನು ಉಳಿಸುತ್ತದೆ. 2021ರ ಆಗಸ್ಟ್‌ನಿಂದ ಹೊಸ ಆಪ್‌ಗಳೆಲ್ಲ ಎಎಬಿ ಫೈಲ್ (ಎಪಿಕೆ ಬದಲು ಸ್ಟೋರ್‌ಗೆ ಏರಿಸುವ ಫೈಲ್) ಆಗಿಯೇ ಹೋಗಬೇಕು. ಹಾಗೆ ಹೋದ ಆಪ್‌ಗೆ ಎರಡು ಕೀಲಿ ಇರುತ್ತವೆ. ಜನರ ಫೋನಿಗೆ ಹೋಗುವ ಆಪ್‌ಗೆ ಸಹಿ ಹಾಕುವ ಕೀಲಿ ಗೂಗಲ್ ಹತ್ತಿರ ಇರುತ್ತದೆ. ನಿಮ್ಮ ಹುಡುಗ ಕಳೆದುಕೊಂಡಿದ್ದು ಅಪ್‌ಲೋಡ್ ಕೀಲಿ. 'ಇದು ನಾವೇ ಕಳಿಸಿದ ಫೈಲ್' ಅಂತ ಗೂಗಲ್‌ಗೆ ತೋರಿಸುವುದಷ್ಟೇ ಅದರ ಕೆಲಸ. ಅದನ್ನು ಬದಲಾಯಿಸಬಹುದು. ಹೊಸ ಕೀಲಿ ಮಾಡಿ, ಅದರ ಸರ್ಟಿಫಿಕೇಟನ್ನು ಪೆಮ್ (.pem) ಫೈಲ್ ಆಗಿ ತೆಗೆದು, ಪ್ಲೇ ಕನ್ಸೋಲ್‌ನ (ಆಪ್ ಮಾಡುವವರು ಸ್ಟೋರ್‌ನಲ್ಲಿ ತಮ್ಮ ಆಪ್ ನೋಡಿಕೊಳ್ಳುವ ವೆಬ್‌ಸೈಟ್) ಆಪ್ ಸೈನಿಂಗ್ ಪುಟದಲ್ಲಿ ರೀಸೆಟ್ ಕೇಳಿ.

ಈಗ ನಾನು ಒಂದು ಕೇಳುತ್ತೇನೆ. ಪ್ಲೇ ಕನ್ಸೋಲ್ ಖಾತೆ ಯಾರ ಹೆಸರಲ್ಲಿದೆ?

ದಾವಣಗೆರೆ ಸದಸ್ಯರು: ಅವನ ಹೆಸರಲ್ಲೇ ಇದೆ. ಅವನ ಸ್ವಂತ ಜಿಮೇಲ್. ಹುಡುಗ ಒಳ್ಳೆಯವನು, ಫೋನ್ ಮಾಡಿದರೆ ಎತ್ತುತ್ತಾನೆ.

ಉತ್ತರ: ಎತ್ತುತ್ತಿರುವಾಗಲೇ ಕೆಲಸ ಮುಗಿಸಿ. ಕೀಲಿ ಹೋದದ್ದಕ್ಕಿಂತ ದೊಡ್ಡ ವಿಷಯ ಇದೇ. ಸೊಸೈಟಿಯ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ. ಸಂಸ್ಥೆಯ ಖಾತೆಗೆ ಡಿ-ಯು-ಎನ್-ಎಸ್ ನಂಬರ್ (ಸಂಸ್ಥೆಯನ್ನು ಗುರುತಿಸುವ ಸಂಖ್ಯೆ) ಬೇಕಾಗುತ್ತದೆ, ಅದಕ್ಕೆ ಕೆಲವು ದಿನ ಹಿಡಿಯಬಹುದು, ಈಗಲೇ ಅರ್ಜಿ ಹಾಕಿ. ಆಮೇಲೆ ಅವನ ಖಾತೆಯಿಂದ ನಿಮ್ಮ ಖಾತೆಗೆ ಆಪ್ ವರ್ಗಾವಣೆಗೆ ಅವನೇ ಕೋರಿಕೆ ಸಲ್ಲಿಸಬೇಕು. ಖಾತೆ ತೆರೆದಾಗ ಕಟ್ಟಿದ ಶುಲ್ಕದ ಟ್ರಾನ್ಸಾಕ್ಷನ್ ಐಡಿ ಕೇಳುತ್ತಾರೆ, ರಸೀದಿಯ ಇಮೇಲ್ ಹುಡುಕಿಟ್ಟುಕೊಳ್ಳಿ. ವರ್ಗಾವಣೆಯಾದರೆ ಬಳಕೆದಾರರು, ರೇಟಿಂಗ್, ವಿಮರ್ಶೆ ಎಲ್ಲ ಹಾಗೇ ಉಳಿಯುತ್ತದೆ. ಹಾಲು ಹಾಕುವವರಿಗೆ ಏನೂ ಗೊತ್ತಾಗುವುದಿಲ್ಲ.

ಬೇರೆಯವರಿಂದ ಆಪ್ ಮಾಡಿಸುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಖಾತೆ ನಿಮ್ಮದಿರಲಿ, ಮಾಡಿಕೊಡುವವರನ್ನು ಬಳಕೆದಾರರಾಗಿ ಒಳಗೆ ಸೇರಿಸಿಕೊಳ್ಳಿ. ಕೀಸ್ಟೋರ್ ಫೈಲ್ ಎರಡು ಕಡೆ ಇಡಿ. ಪಾಸ್‌ವರ್ಡ್ ಮತ್ತು ಆಲಿಯಾಸ್ ಹೆಸರನ್ನು (ಕೀಸ್ಟೋರ್ ಒಳಗೆ ಕೀಲಿಗೆ ಇಟ್ಟ ಹೆಸರು) ಬೀರುವಿನ ಪುಸ್ತಕದಲ್ಲಿ ಬರೆದಿಡಿ. ಎಎಬಿಗೂ ಹಿಂದಿನ ಕಾಲದಲ್ಲಿ ಕೀಲಿ ಪೂರ್ತಿ ನಮ್ಮ ಕೈಯಲ್ಲೇ ಇರುತ್ತಿತ್ತು. ನನ್ನ ಮೊದಲ ಆಪ್‌ನ ಕೀಲಿ ಹಾರ್ಡ್ ಡಿಸ್ಕ್ ಜೊತೆ ಹೋಯಿತು. ಅದಕ್ಕೆ ಮತ್ತೆ ಒಂದೂ ಅಪ್‌ಡೇಟ್ ಕೊಡಲಾಗಲಿಲ್ಲ. ಬಳಸುತ್ತಿದ್ದವರು ಬರೆದ ದೂರುಗಳಿಗೆ 'ಸರಿ ಮಾಡುತ್ತೇನೆ' ಅನ್ನುವ ದಾರಿಯೂ ಇರಲಿಲ್ಲ. ಅದು ಇವತ್ತಿಗೂ ನೋವು ಕೊಡುತ್ತದೆ.

ಪ್ರಶ್ನೆ, ಮೈಸೂರಿನಿಂದ: ನಿನ್ನೆ ಅಪ್‌ಡೇಟ್ ಬಿಟ್ಟೆ, ಕೆಲವರಿಗೆ ಆಪ್ ತೆರೆದ ಕೂಡಲೇ ಮುಚ್ಚಿಹೋಗುತ್ತಿದೆ. ಹಳೇ ವರ್ಷನ್‌ಗೆ ವಾಪಸ್ ಹೋಗುವುದು ಹೇಗೆ?

ಉತ್ತರ: ಮೊದಲು ಕನ್ಸೋಲ್‌ಗೆ ಹೋಗಿ ರೋಲ್‌ಔಟ್, ಅಂದರೆ ಅಪ್‌ಡೇಟ್ ಜನರಿಗೆ ಹೋಗುವುದನ್ನು, ನಿಲ್ಲಿಸಿ. ಉಳಿದದ್ದು ಆಮೇಲೆ ಓದಿ.

ನಿಲ್ಲಿಸಿದರೆ ಹೊಸಬರಿಗೆ ಹೋಗುವುದು ನಿಲ್ಲುತ್ತದೆ. ಈಗಾಗಲೇ ಹೋದವರ ಫೋನಿನಿಂದ ಅದು ವಾಪಸ್ ಬರುವುದಿಲ್ಲ. ವರ್ಷನ್ ಕೋಡ್ (ಪ್ರತಿ ಅಪ್‌ಡೇಟ್‌ಗೆ ಕೊಡುವ ಸಂಖ್ಯೆ) ಯಾವತ್ತೂ ಮೇಲಕ್ಕೇ ಹೋಗಬೇಕು. ಕೆಟ್ಟದ್ದು 41 ಆಗಿದ್ದರೆ ಸರಿಯಾದದ್ದು 42 ಆಗಿಯೇ ಹೋಗಬೇಕು. 'ಹಳೇ ಕೋಡನ್ನೇ 42 ಅಂತ ಕಳಿಸಿದರಾಯಿತು' ಅಂತ ಅನ್ನಿಸುತ್ತದೆ. 41ರಲ್ಲಿ ಡೇಟಾಬೇಸ್ ಬದಲಾಯಿಸಿದ್ದೀರಾ ಅಂತ ಮೊದಲು ನೋಡಿ. ಬದಲಾಯಿಸಿದ್ದರೆ ಆ ಫೋನುಗಳಲ್ಲಿ ಡೇಟಾಬೇಸ್ ಆಗಲೇ ಮುಂದಿನ, ಉದಾಹರಣೆಗೆ 3ನೇ, ಆವೃತ್ತಿಗೆ ಏರಿರುತ್ತದೆ. ಹಳೇ ಕೋಡ್‌ಗೆ 2 ಮಾತ್ರ ಗೊತ್ತು. 3ರಿಂದ 2ಕ್ಕೆ ಇಳಿಸಲಾಗುವುದಿಲ್ಲ ಅಂತ ಅದೂ ಬಿದ್ದುಹೋಗುತ್ತದೆ. ಹಾಗಿದ್ದರೆ 41ರ ಕೋಡ್ ಇಟ್ಟುಕೊಂಡೇ ತಪ್ಪನ್ನು ಮಾತ್ರ ಸರಿಪಡಿಸಿ.

ಯಾವ ಸಾಲಿನಲ್ಲಿ ಬೀಳುತ್ತಿದೆ ಅಂತ ಕನ್ಸೋಲ್‌ನ ಆಂಡ್ರಾಯ್ಡ್ ವೈಟಲ್ಸ್ ಪುಟದಲ್ಲಿ ಸಿಗುತ್ತದೆ. ದಿನ ಬಳಸುವವರಲ್ಲಿ ಕ್ರ್ಯಾಶ್ ಕಂಡವರು ಶೇ 1.09 ದಾಟಿದರೆ ಸ್ಟೋರ್‌ನಲ್ಲಿ ನಿಮ್ಮ ಆಪ್ ಕಣ್ಣಿಗೆ ಬೀಳುವುದೂ ಕಡಿಮೆಯಾಗಬಹುದು.

ನನ್ನ ಅನುಭವ ಹೇಳುತ್ತೇನೆ. ಅಂಗಡಿಯವರಿಗೆ ಉದ್ರಿ ಬರೆದಿಡುವ ಆಪ್ ಮಾಡಿದ್ದೆ. ಒಂದು ಶುಕ್ರವಾರ ಸಂಜೆ ಅಪ್‌ಡೇಟನ್ನು ಒಂದೇ ಸಲ ಎಲ್ಲರಿಗೂ ಬಿಟ್ಟು ಮನೆಗೆ ಹೋದೆ. ಶನಿವಾರ ಬೆಳಿಗ್ಗೆ ತುಮಕೂರಿನ ಕಿರಾಣಿ ಅಂಗಡಿಯ ಒಬ್ಬ ಅಮ್ಮನ ಫೋನ್. 'ಮೂರು ತಿಂಗಳ ಉದ್ರಿ ಕಾಣಿಸ್ತಿಲ್ಲಮ್ಮ.' ಡೇಟಾಬೇಸ್ 2ರಿಂದ 3ಕ್ಕೆ ಏರುವ ದಾರಿ ಬರೆದಿದ್ದೆ. ಅವರು ನಡುವಿನ ಅಪ್‌ಡೇಟ್ ಹಾಕಿಕೊಂಡೇ ಇರಲಿಲ್ಲ, 1ರಿಂದ ನೇರ 3ಕ್ಕೆ ಬಂದಿದ್ದರು. 1ರಿಂದ ಬರುವ ದಾರಿ ಬರೆದಿರಲಿಲ್ಲ. ದಾರಿ ಸಿಗದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡು ಅನ್ನುವ ಒಂದು ಸಾಲು, ಶುರುವಿನ ದಿನಗಳಲ್ಲಿ ಹಾಕಿದ್ದು, ಕೋಡ್‌ನಲ್ಲಿ ಹಾಗೇ ಉಳಿದಿತ್ತು. ನನ್ನ ಟೆಸ್ಟ್ ಫೋನಿನಲ್ಲಿ ಪ್ರತಿ ಸಲ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಿದ್ದೆ. ಹಾಗಾಗಿ ಕಾಣಿಸಿರಲಿಲ್ಲ. ಆ ಅಮ್ಮ ನೆನಪಿನಿಂದ ಅರ್ಧ ಉದ್ರಿ ಮತ್ತೆ ಬರೆದರು. ಉಳಿದ ಅರ್ಧ ಹೋಯಿತು.

ಅವತ್ತಿನಿಂದ ನಾನು ಬಿಡುವ ಕ್ರಮ ಹೀಗಿದೆ. ಸ್ಟೋರ್‌ನಲ್ಲಿರುವ ಹಳೇ ವರ್ಷನ್ ಹಾಕಿ, ಅದರಲ್ಲಿ ಹತ್ತು ಲೆಕ್ಕ ಬರೆದು, ಅದರ ಮೇಲೆ ಹೊಸದನ್ನು ಇನ್‌ಸ್ಟಾಲ್ ಮಾಡಿ ನೋಡುತ್ತೇನೆ. ಅದಕ್ಕೂ ಹಿಂದಿನ ವರ್ಷನ್‌ನಿಂದಲೂ ನೋಡುತ್ತೇನೆ. ಆಮೇಲೆ ಶೇ 5 ಜನಕ್ಕೆ ಬಿಡುತ್ತೇನೆ, ಎರಡು ದಿನ ಕಾಯುತ್ತೇನೆ. ಆಮೇಲೆ 20, 50, 100. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಮಾತ್ರ.

ಪ್ರಶ್ನೆ, ಹುಬ್ಬಳ್ಳಿಯಿಂದ: ಖರ್ಚಿನ ಲೆಕ್ಕದ ಆಪ್. ಬ್ಯಾಂಕ್ ಎಸ್ಎಂಎಸ್ ಓದಿ ತಾನೇ ಲೆಕ್ಕ ಹಾಕುತ್ತದೆ. ಪ್ಲೇ ಸ್ಟೋರ್‌ನವರು ತಿರಸ್ಕರಿಸಿದರು. ಏನು ಮಾಡಲಿ?

ಉತ್ತರ: ಎಸ್ಎಂಎಸ್ ಮತ್ತು ಕಾಲ್ ಲಾಗ್ ಅನುಮತಿ ಮೇಲೆ 2019ರಿಂದ ಬಿಗಿ ನಿಯಮ ಇದೆ. ಬ್ಯಾಂಕ್ ಎಸ್ಎಂಎಸ್‌ನಿಂದ ಖರ್ಚಿನ ಲೆಕ್ಕ ಇಡುವ ಆಪ್‌ಗೆ ವಿನಾಯಿತಿ ಕೇಳಬಹುದು. ಅದಕ್ಕೆ ಪರ್ಮಿಷನ್ ಡಿಕ್ಲರೇಷನ್ ಫಾರ್ಮ್ ತುಂಬಿ, ಈ ಅನುಮತಿ ಇಲ್ಲದೆ ಆಪ್‌ನ ಮುಖ್ಯ ಕೆಲಸವೇ ನಡೆಯುವುದಿಲ್ಲ ಅಂತ ವಿಡಿಯೊದಲ್ಲಿ ತೋರಿಸಬೇಕು. ಡೇಟಾ ಸೇಫ್ಟಿ ಫಾರ್ಮ್‌ನಲ್ಲಿ (ಆಪ್ ಯಾವ ಮಾಹಿತಿ ತೆಗೆದುಕೊಳ್ಳುತ್ತದೆ ಅಂತ ಹೇಳುವ ಫಾರ್ಮ್) ಬರೆದದ್ದಕ್ಕೂ ಪ್ರೈವಸಿ ಪಾಲಿಸಿಗೂ ತಾಳೆ ಇರಲಿ. ತಿರಸ್ಕಾರದ ಇಮೇಲ್ ಪೂರ್ತಿ ಓದಿ. ಸುಮ್ನೆ ಅದೇ ಫೈಲನ್ನು ಮತ್ತೆ ಮತ್ತೆ ಕಳಿಸಬೇಡಿ, ಖಾತೆಗೇ ಕುತ್ತು ಬರಬಹುದು.

ಪ್ರಶ್ನೆ, ದುಬೈನಿಂದ: ನನ್ನ ಕನ್ನಡ ಮಗ್ಗಿ ಆಪನ್ನು ಐಫೋನ್‌ಗೂ ತರಬೇಕಾ?

ಉತ್ತರ: ಆಪಲ್‌ಗೆ ವರ್ಷಕ್ಕೆ 99 ಡಾಲರ್, ಪ್ರತಿ ವರ್ಷ. ಕಟ್ಟುವುದು ನಿಲ್ಲಿಸಿದರೆ ಆಪ್ ಸ್ಟೋರ್‌ನಿಂದ ಇಳಿಯುತ್ತದೆ. ನಿಮ್ಮ ಸುತ್ತಲಿನ ಕನ್ನಡದ ಮಕ್ಕಳ ಮನೆಯಲ್ಲಿ ಐಫೋನ್, ಐಪ್ಯಾಡ್ ಜಾಸ್ತಿ ಇದ್ದರೆ ಖಂಡಿತ ತನ್ನಿ. ಊರಿನವರಿಗೆ ಮಾತ್ರ ಅಂದರೆ ಆಂಡ್ರಾಯ್ಡ್ ಸಾಕು.

ಪ್ರಶ್ನೆ, ಶಿರಸಿಯಿಂದ ಮತ್ತೆ: ಮೇಡಂ, ಟೆಸ್ಟ್ ಶುರುವಾಗಿದೆ, 19 ಜನ ಸೇರಿದ್ದಾರೆ. ಈಚೆಗೆ ಒಂದು ತಿದ್ದುಪಡಿ ಕಳಿಸಿದೆ. ನನಗೆ ಬಂತು, ಅಪ್ಪನ ಫೋನಿಗೆ ನಾಲ್ಕು ದಿನ ಆದರೂ ಬಂದಿಲ್ಲ. ಯಾಕೆ?

ಉತ್ತರ: 19 ಜನ! ತುಂಬಾ ಖುಷಿಯಾಯಿತು. ಅಪ್ಪನ ಫೋನಿನಲ್ಲಿ ಪ್ಲೇ ಸ್ಟೋರ್ ಸೆಟ್ಟಿಂಗ್ ತೆರೆದು, ಆಟೋ ಅಪ್‌ಡೇಟ್ ಯಾವುದಕ್ಕೆ ಇದೆ ನೋಡಿ. ವೈಫೈ ಇದ್ದಾಗ ಮಾತ್ರ ಅಂತಿರಬಹುದು. ತೋಟದ ಮನೆಯಲ್ಲಿ ವೈಫೈ ಎಲ್ಲಿಂದ ಬರಬೇಕು? ಫೋನ್ ಚಾರ್ಜ್‌ಗೆ ಹಾಕಿ, ಯಾರೂ ಬಳಸದೆ ಇರುವಾಗ ತಾನಾಗಿ ಅಪ್‌ಡೇಟ್ ಆಗುವುದು ಸಾಮಾನ್ಯ ಕ್ರಮ. ಫೋನಿನಲ್ಲಿ ಜಾಗ ತುಂಬಿದ್ದರೂ ಆಗುವುದಿಲ್ಲ. ವಾಟ್ಸಾಪ್ ವಿಡಿಯೊಗಳನ್ನೂ ಒಮ್ಮೆ ನೋಡಿ.

ನಿಮ್ಮ ಆಪ್ ಬಳಸುವ ಬಹಳಷ್ಟು ಜನರ ಫೋನ್ ಹೀಗೇ ಇರುತ್ತದೆ. ಅದಕ್ಕೆ ಎರಡು ಕೆಲಸ ಮಾಡಿ. ಇನ್-ಆಪ್ ಅಪ್‌ಡೇಟ್ ಸೌಲಭ್ಯ ಸೇರಿಸಿ. ಆಪ್ ತೆರೆದಾಗ 'ಹೊಸದು ಬಂದಿದೆ' ಅಂತ ಅಲ್ಲೇ ತೋರಿಸಿ ಅಲ್ಲೇ ಹಾಕಿಸುತ್ತದೆ. ಇನ್ನೊಂದು ನಿಮ್ಮ ಸರ್ವರ್ ಕಡೆಯದು. ಧಾರಣೆ ಕಳಿಸುವ ರೀತಿ ಬದಲಾಯಿಸುವಾಗ ಹಳೇ ರೀತಿಯನ್ನು ತಕ್ಷಣ ನಿಲ್ಲಿಸಬೇಡಿ. ಆರು ತಿಂಗಳಾದರೂ ಎರಡೂ ನಡೆಯಲಿ. ಅಪ್‌ಡೇಟ್ ಆಗದ ಫೋನ್ ಹಿಡಿದು ಮಂಡಿಯಲ್ಲಿ ನಿಂತವರಿಗೂ ಅವತ್ತಿನ ರಾಶಿ ಧಾರಣೆ ಸರಿಯಾಗಿ ಕಾಣಬೇಕಲ್ವಾ.

ಅಪ್ಪನ ಫೋನಿನಲ್ಲಿ ಏನಿತ್ತು ಅಂತ ನೋಡಿ ಬರೆಯಿರಿ, ಕಾಯುತ್ತಿರುತ್ತೇನೆ.

ಶಿರಸಿ ಸದಸ್ಯರು: ನೋಡಿದೆ ಮೇಡಂ. ವೈಫೈ ಮಾತ್ರ ಅಂತಲೇ ಇತ್ತು. ಬದಲಾಯಿಸಿದೆ, ಈಗ ಇಳಿಯುತ್ತಿದೆ.